ಚಂದ್ರಮತಿಯ ಹಿಡಿ ಅಕ್ಕಿ

ಹೆಂಡತಿ ತೀರಿಕೊಂಡ ಮನೆಯಲ್ಲಿ ಏನೇನೋ ಸದ್ದು ಕೇಳಿಸುತ್ತದೆ ಎಂದು ಯಾರಾದರೂ ಹೇಳಿದರೆ ಜಯಪ್ರಕಾಶ್ ಸೋನ್ಸರು ಮೊದಲೆಲ್ಲ ನಕ್ಕುಬಿಡುತ್ತಿದ್ದರು. ವಿಮಾ ಕಂಪನಿಯಲ್ಲಿ ಆಯುಸ್ಸಿಡೀ ಸಾವಿನ ಕ್ಲೇಮು ಪಾಸು ಮಾಡಿದ ಮನುಷ್ಯ. ಸತ್ತವರು ಸತ್ತರು, ಅವರ ಪಾಲಿಗೆ ಅಷ್ಟೇ. ದೇವರ ಸನ್ನಿಧಿಗೆ ಹೋದವರಿಗೆ ಚೆನ್ನೈಯ ಪೋರೂರಿನ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ ಎಂತ ಕೆಲಸ ಮಾರಾಯ ಎಂದು ಕೇಳುತ್ತಿದ್ದವರು, ಈಗ ದಿನಾ ಮಧ್ಯಾಹ್ನಕ್ಕೆ ಇನ್ನೂ ಹೊತ್ತಿರುವಾಗಲೇ ಪೇಪರು ಮಡಿಸಿಟ್ಟು, ಫ್ಯಾನು ಆರಿಸಿ, ಅಡುಗೆಮನೆಯ ಕಡೆ ಕಿವಿ ಕೊಟ್ಟು ಕೂರುತ್ತಿದ್ದರು.

ಸದ್ದು ಬರುತ್ತಿತ್ತು. ಒಂದು ಹಿಡಿ ಅಕ್ಕಿ ಭರಣಿಯೊಳಗೆ ಬಿದ್ದ ಸದ್ದು. ಸರ್ರನೆ, ಒಂದೇ ಸಲ. ಆಮೇಲೆ ಮುಚ್ಚಳ ಕೂರಿಸಿದ ಸಣ್ಣ ಸಪ್ಪಳ. ಮನೆಯಲ್ಲಿ ಆಗ ಅವರನ್ನು ಬಿಟ್ಟು ಯಾರೂ ಇರುವುದಿಲ್ಲ. ಮಗ ಪ್ರವೀಣ್ ಬ್ಯಾಂಕಿಗೆ, ಸೊಸೆ ಸಮೀಕ್ಷಾ ಅಡುಗೆ ಮುಗಿಸಿಟ್ಟು ಆಫೀಸಿಗೆ.

ಈ ಹಿಡಿ ಅಕ್ಕಿಯ ವಿಷಯ ಸ್ವಲ್ಪ ಹೇಳಬೇಕು. ಉಡುಪಿ, ಮೂಲ್ಕಿ, ಮಂಗಳೂರು ಕಡೆಯಿಂದ ರೈಲ್ವೆಗೂ ಬ್ಯಾಂಕಿಗೂ ಬಂದು ಚೆನ್ನೈಯಲ್ಲಿ ಬೇರು ಬಿಟ್ಟ ಕೆಲವು ಕ್ರೈಸ್ತ ಮನೆಗಳದ್ದೊಂದು ಕನ್ನಡ ಸಭೆ ಉಂಟು. ಸ್ವಂತ ದೇವಾಲಯ ಇಲ್ಲ. ವೇಪೇರಿಯ ತಮಿಳು ಸಭೆಯವರ ಆರಾಧನೆ ಮುಗಿದ ಮೇಲೆ, ಅವರ ಹಿಂದಿನ ಹಾಲಿನಲ್ಲಿ ಭಾನುವಾರ ಮಧ್ಯಾಹ್ನ ಇವರು ಸೇರುವುದು. ಊರಿಂದ ಇವರು ತಂದದ್ದು ಹೆಚ್ಚೇನಿಲ್ಲ, ಕೀರ್ತನೆಗಳು ಮತ್ತು ಹಿಡಿ ಅಕ್ಕಿ. ಅನ್ನಕ್ಕೆ ಇಡುವಾಗಲೆಲ್ಲ ಮನೆಯ ಹೆಂಗಸು ಮೊದಲ ಹಿಡಿಯನ್ನು ಬೇರೆ ಪಾತ್ರೆಗೆ ಹಾಕುತ್ತಾಳೆ. ಅದು ಮನೆಯದ್ದಲ್ಲ. ವಾರಕ್ಕೊಮ್ಮೆ ಅದನ್ನು ಅವಳೇ ಕೈಯಾರೆ ಒಯ್ದು ಇಲ್ಲದವರೊಬ್ಬರಿಗೆ ಮುಟ್ಟಿಸಿ ಬರಬೇಕು. ಯಾರಿಗೆ ಎಂದು ಹೇಳಿಕೊಳ್ಳುವ ಕ್ರಮ ಇಲ್ಲ. ಗಂಡ ಕೇಳುವ ಕ್ರಮವೂ ಇಲ್ಲ.

ಸೋನ್ಸರು ಕೇಳಿರಲಿಲ್ಲ, ಗೇಲಿ ಮಾತ್ರ ಮಾಡಿದ್ದರು. “ರೇಷನ್ ಅಂಗಡಿಯಲ್ಲಿ ಅಕ್ಕಿ ಪುಕ್ಕಟೆ ಸಿಗುವ ಊರಿದು. ನಿನ್ನ ಹಿಡಿ ಅಕ್ಕಿ ಯಾರಿಗೆ ಬೇಕು ಚಂದ್ರಾ?”

“ಬೇಕಾದವರು ಉಂಟು ಮಾರಾಯ್ರೆ,” ಎಂದು ಚಂದ್ರಮತಿ ಶನಿವಾರ ಬಟ್ಟೆಯ ಚೀಲ ಹಿಡಿದು ಕ್ರೋಂಪೇಟೆಗೆ ಹೊರಟುಬಿಡುತ್ತಿದ್ದಳು. ಮಂಡಿನೋವು, ಬಿಸಿಲು, ಬಸ್ಸಿನ ನೂಕುನುಗ್ಗಲು, ಯಾವುದೂ ಲೆಕ್ಕಕ್ಕಿಲ್ಲ. ಹೋದ ವರ್ಷ ಬೇಸಗೆಯಲ್ಲಿ ಒಂದು ಬೆಳಿಗ್ಗೆ, ಅಕ್ಕಿ ತೊಳೆಯುತ್ತಾ ಇದ್ದವಳು ಸಿಂಕಿನ ಹತ್ತಿರವೇ ಕುಸಿದಳು. ಆಸ್ಪತ್ರೆ ಮುಟ್ಟಲಿಲ್ಲ.

ಮಣ್ಣು ಕೊಟ್ಟು ಬಂದ ಮರುವಾರ ಮೊದಲ ಸಲ ಆ ಸದ್ದು. ಸೋನ್ಸರು ಎದ್ದು ಓಡಿದರು. ಅಡುಗೆಮನೆ ಖಾಲಿ. ಕಪಾಟಿನ ಮೂಲೆಯಲ್ಲಿ ಅವಳ ಹಿಡಿ ಅಕ್ಕಿಯ ಭರಣಿ, ಒಂದು ಕಾಲದಲ್ಲಿ ಮಿಡಿ ಉಪ್ಪಿನಕಾಯಿ ತುಂಬಿಸಿಟ್ಟಿದ್ದು, ಮುಚ್ಚಳ ಸಮೇತ ಕೂತಿತ್ತು. ತೆರೆದು ನೋಡಿದರೆ ಅರ್ಧ ಅಕ್ಕಿ. ಅವರಿಗಾಗಿ ಬೇಯಿಸುತ್ತಿದ್ದ ಕೆಂಪು ಕುಚ್ಚಲಕ್ಕಿ, ಮಕ್ಕಳಿಗಾಗಿ ಬೇಯಿಸುತ್ತಿದ್ದ ಬಿಳಿ ಪೊನ್ನಿ, ಎರಡೂ ಕಲಸಿಕೊಂಡಿದ್ದವು. ಮರುದಿನವೂ ಸದ್ದು. ಅಕ್ಕಿಯ ಮಟ್ಟ ಮಾತ್ರ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮೂರನೇ ದಿನ ಹೆದರಿ ಮುಚ್ಚಳದ ಮೇಲೆ ಬೈಬಲು ತಂದಿಟ್ಟರು. ಸದ್ದು ಬಂತು. ಹೋಗಿ ನೋಡಿದರೆ ಬೈಬಲು ಇಟ್ಟ ಹಾಗೇ ಇತ್ತು.

ಹೆದರಿಕೆ ಎಷ್ಟು ದಿನ ಇರುತ್ತದೆ? ತಿಂಗಳು ಕಳೆಯುವುದರೊಳಗೆ ಅವರು ಆ ಸದ್ದಿಗೆ ಕಾಯತೊಡಗಿದ್ದರು. ಬಿದ್ದ ಕೂಡಲೆ “ಬಂದಿಯಾ?” ಎನ್ನುವರು. ಉತ್ತರ ಬೇಡವಾಗಿತ್ತು. ಆ ಒಂದು ಸದ್ದಿಗಾಗಿ ರಾತ್ರಿ ನಿದ್ದೆ ಮಾಡುತ್ತಿದ್ದರು, ಬೆಳಿಗ್ಗೆ ಏಳುತ್ತಿದ್ದರು. ಮಗನಿಗೆ ಹೇಳಲಿಲ್ಲ. ಹೇಳಿದರೆ ನೇರ ಡಾಕ್ಟರ ಹತ್ತಿರ ಕರಕೊಂಡು ಹೋಗುವ ಜಾತಿ ಅವನು. ಚಂದ್ರಮತಿಯದೆಂದು ಅವರಿಗೆ ಉಳಿದದ್ದು ಅದೊಂದೇ.

ಇನ್ನು ಅವರ ರಾಜಕೀಯ. ಅದು ಸುಮ್ಮನೆ ಹುಟ್ಟಿದ್ದಲ್ಲ. ಎರಡು ವರ್ಷದ ಹಿಂದೆ ಇವರ ಮನೆಯಲ್ಲೇ ಶುಕ್ರವಾರದ ಮನೆ ಪ್ರಾರ್ಥನೆ ನಡೆಯುತ್ತಿದ್ದಾಗ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿನವರು ಬಂದು, ಹಾಡು ನಿಲ್ಲಿಸಿ, ಇದು ಮನೆಯೋ ಚರ್ಚೋ ಎಂದು ಬಾಗಿಲಲ್ಲೇ ಗಲಾಟೆ ಮಾಡಿದ್ದರು. ಕೀರ್ತನೆ ಅರ್ಧಕ್ಕೆ ನಿಂತಿತು. ವಯಸ್ಸಾದ ಹೆಂಗಸರು ಚಪ್ಪಲಿ ಹುಡುಕಿಕೊಂಡು ತಲೆ ತಗ್ಗಿಸಿ ಮೆಟ್ಟಿಲಿಳಿದು ಹೋದರು. ಮರುದಿನ ಸೋನ್ಸರು ಸಿಟ್ಟಿನಿಂದ ಕುದಿಯುತ್ತಾ ಪೊಲೀಸ್ ಸ್ಟೇಷನಿಗೆ ಹೊರಟರೆ, ಮೆಟ್ಟಿಲಲ್ಲಿ ಚಂದ್ರಮತಿ ಎದುರಾದಳು. ಕೈಯಲ್ಲಿ ಗಂಜಿ ತುಂಬಿದ ಹಿಡಿಕೆಯ ತೂಕುಪಾತ್ರೆ. ಗಲಾಟೆ ಮಾಡಿದ ಆ ಅಸೋಸಿಯೇಷನ್ ಸೆಕ್ರೆಟರಿಯ ತಾಯಿ ಸೊಂಟ ಮುರಿದು ಮಲಗಿದ್ದರಂತೆ.

“ನಿನಗೆ ನಾಚಿಕೆ ಉಂಟಾ?” ಎಂದು ಸೋನ್ಸರು ಕೂಗಿದ್ದರು.

“ಮಗ ಬೈದ ಅಂತ ತಾಯಿಗೆ ಹಸಿವೆ ಆಗುದಿಲ್ವಾ? ನೀವು ಸ್ಟೇಷನಿಗೆ ಹೋಗಿ ಬನ್ನಿ, ನಾನು ಇದನ್ನು ಕೊಟ್ಟು ಬರ್ತೇನೆ,” ಎಂದು ಅವಳು ಮೇಲೆ ಹತ್ತಿದಳು.

ಸ್ಟೇಷನಿನಲ್ಲಿ ಕೆಲಸ ಆಗಲಿಲ್ಲ, ಗಂಜಿಯಿಂದಲೂ ಆಗಲಿಲ್ಲ. ಅಸೋಸಿಯೇಷನ್ನಿನವರು ಇವತ್ತಿಗೂ ಮುಖ ತಿರುಗಿಸುತ್ತಾರೆ. ಆದರೆ ಸೋನ್ಸರ ಹೊಟ್ಟೆಯಲ್ಲಿ ಅಂದಿನಿಂದ ಒಂದು ಭಯ ಕೂತುಬಿಟ್ಟಿತು. ನಮ್ಮವರು ಅಂತ ಅಧಿಕಾರದಲ್ಲಿ ಒಬ್ಬರು ಇರಬೇಕು, ಸಭೆಗೆ ಸ್ವಂತ ಜಾಗ ಇರಬೇಕು, ಇಲ್ಲದಿದ್ದರೆ ನಮ್ಮ ಮೊಮ್ಮಕ್ಕಳ ಬಾಯಿಯಲ್ಲಿ ಹಾಡೇ ಇರುವುದಿಲ್ಲ. ಸಭೆಯ ಕಾರ್ಯದರ್ಶಿಯಾದ ಮೇಲೆ ಅವರ ಪ್ರಾರ್ಥನೆಗಳೂ ಮನವಿ ಪತ್ರದ ಹಾಗೆ ಆಗಿದ್ದವು. ಕಮಿಟಿಯಲ್ಲಿ ಮಾತಾಡಿದರೆ ಅದೇ, ಸಂತಾಪ ಕೂಟದಲ್ಲಿ ಮಾತಾಡಿದರೂ ಅದೇ.

ಈ ಸಲದ ಚುನಾವಣೆ ಬಂದಾಗ ಅವರು ಗಟ್ಟಿಯಾಗಿ ಹಿಡಿದರು. ಪಾರ್ಟಿಯ ವಾರ್ಡ್ ಮುಖಂಡನ ಮನೆಗೆ ಅಲೆದು ಅಲೆದು ಒಪ್ಪಿಸಿದರು. ಅಭ್ಯರ್ಥಿ ಭಾನುವಾರ ಆರಾಧನೆಯ ನಂತರ ಹಾಲಿಗೆ ಬರುತ್ತಾರೆ, ಜಾಗದ ವಿಷಯ ಎಲ್ಲರೆದುರು ಮಾತು ಕೊಡುತ್ತಾರೆ. ಜೊತೆಗೆ ಬರುವ ಕಾರ್ಯಕರ್ತರಿಗೆಲ್ಲ ಬಿರಿಯಾನಿ ಊಟ ಆಗಬೇಕು. ಆದರೆ ಚುನಾವಣೆಯ ಹೊತ್ತು, ಪಾರ್ಟಿ ಊಟ ಹಾಕಿಸಿದರೆ ಅಧಿಕಾರಿಗಳು ಹಿಡಿಯುತ್ತಾರೆ. “ನೀವೇ ಸಭೆಯ ಪ್ರೀತಿಭೋಜನ ಅಂತ ಮಾಡಿಬಿಡಿ ಸಾರ್, ಅಕ್ಕಿ ನಿಮ್ಮ ಮನೆಗಳದ್ದೇ ಇರಲಿ, ಯಾರು ಏನು ಕೇಳ್ತಾರೆ?” ಎಂದ ವಾರ್ಡ್ ಮುಖಂಡ. ಅಕ್ಕಿ ಎಂದ ಕೂಡಲೆ ಸೋನ್ಸರಿಗೆ ಹೊಳೆದದ್ದು ಅದು. ಪ್ರತಿ ಮನೆಯಲ್ಲೂ ಒಂದೊಂದು ಹಿಡಿ ಅಕ್ಕಿಯ ಪಾತ್ರೆ ಇದೆಯಲ್ಲ!

ಕಮಿಟಿಯಲ್ಲಿ ಅದನ್ನು ಹೇಳಿದರು. ರೈಲ್ವೆಯಿಂದ ರಿಟೈರಾದ ಮಧ್ವರಾಜ ಕರ್ಕಡರು ಕನ್ನಡಕ ತೆಗೆದು ಒರೆಸುತ್ತಾ, “ಅದು ನಮ್ಮ ಅಕ್ಕಿ ಅಲ್ಲವಲ್ಲ ಸೋನ್ಸರೇ,” ಎಂದರು.

“ಒಂದು ವಾರದ್ದು, ಅಷ್ಟೇ. ಇಡೀ ಸಭೆಯ ರಕ್ಷಣೆಗಾಗಿ. ಬಡವರು ಒಂದು ವಾರ ತಡೆದುಕೊಳ್ಳಲಿಕ್ಕಿಲ್ವಾ?” ಎಂದರು ಸೋನ್ಸರು. ಎಷ್ಟು ಸಲೀಸಾಗಿ ಬಂತು ನೋಡಿ ಆ ಮಾತು! ತಡೆದುಕೊಳ್ಳುವ ಹೊಟ್ಟೆ ತಮ್ಮದಲ್ಲವಲ್ಲ.

ಶುಕ್ರವಾರ ಚೀಲಗಳು ಬಂದು ಸೇರಿದವು. ಬೇರೆಯವರ ಮನೆಯ ಪಾತ್ರೆ ಖಾಲಿ ಮಾಡಿಸಿ ತಮ್ಮದನ್ನು ಇಟ್ಟುಕೊಂಡರೆ ಚಂದವೇ? ಸಂಜೆ ಸೋನ್ಸರು ಭರಣಿಯನ್ನು ಎತ್ತಿ ಮೇಜಿನ ಮೇಲಿಟ್ಟರು. ಸಮೀಕ್ಷಾ ಆಗಷ್ಟೇ ಆಫೀಸಿನಿಂದ ಬಂದಿದ್ದಳು. ಚೆನ್ನೈಯಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡ ಬರುತ್ತದೆ, ನಡುನಡುವೆ ತಮಿಳು ನುಗ್ಗುತ್ತದೆ.

“ಮಾವ, ಅದು ವೇಂಡಾಂ, ಬೇಡ. ಅದು ಅತ್ತೆಯದ್ದು.”

“ಅತ್ತೆ ಇದ್ದಿದ್ದರೆ ಅವಳೇ ಕೊಡ್ತಿದ್ದಳು.”

“ಕೊಡ್ತಿರಲಿಲ್ಲ ಮಾವ,” ಎಂದಳು ಸಮೀಕ್ಷಾ, ಮೆಲ್ಲಗೆ.

ಸೋನ್ಸರು ಭರಣಿ ಬಗ್ಗಿಸಿದರು. ಅಕ್ಕಿ ಗೋಣಿಗೆ ಸುರಿಯಿತು. ವರ್ಷವಾದರೂ ಒಂದು ಹುಳ ಇಲ್ಲ, ಒಂದು ಮುಗ್ಗಲು ವಾಸನೆ ಇಲ್ಲ. ನಿನ್ನೆ ಗಿರಣಿಯಿಂದ ತಂದ ಹಾಗಿತ್ತು. ಅದು ಅವರ ಗಮನಕ್ಕೆ ಬಂತು, ಆದರೂ ತಳದ ಕೊನೆಯ ಕಾಳಿನವರೆಗೆ ತಟ್ಟಿ ತಟ್ಟಿ ಸುರಿದರು.

ಶನಿವಾರ ಸದ್ದು ಬರಲಿಲ್ಲ. ಫೋನಿನ ಮೇಲೆ ಫೋನು ಬರುತ್ತಿತ್ತು, ಗಲಾಟೆಯಲ್ಲಿ ಕೇಳಿಸಲಿಲ್ಲವೇನೋ ಎಂದುಕೊಂಡರು.

ಭಾನುವಾರದ ಕಥೆಯನ್ನು ಏನು ಹೇಳುವುದು! ಅಡುಗೆಯ ಮಾಸ್ಟರ್ ಗೋಣಿ ಬಿಚ್ಚಿ ಬೊಗಸೆಯಲ್ಲಿ ಅಕ್ಕಿ ಹಿಡಿದು ಬೆಳಕಿಗೆ ನೋಡಿದವನೇ, “ಸಾರ್, ಇದರಲ್ಲಿ ಬಿರಿಯಾನಿಯಾ?” ಎಂದು ತಲೆಗೆ ಕೈ ಹಚ್ಚಿದ. ಒಂದು ಮನೆಯ ಬಾಸ್ಮತಿ, ಇನ್ನೊಂದು ಮನೆಯ ಪೊನ್ನಿ, ಮತ್ತೊಂದು ಮನೆಯ ಇಡ್ಲಿ ಅಕ್ಕಿ, ಊರಿನಿಂದ ತರಿಸಿದ ಕೆಂಪು ಕುಚ್ಚಲಕ್ಕಿ. ಹಿಡಿ ಅಕ್ಕಿ ಗಂಜಿಗೆ ಹೊರತು ಬೇರೆ ಯಾವುದಕ್ಕೂ ಆಗುವುದಿಲ್ಲ ಎಂದು ಸಭೆಯ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು. ಕೇಳಿದವರು ಯಾರು? ಅರ್ಧ ಅಕ್ಕಿ ಮುದ್ದೆಯಾಯಿತು, ಅರ್ಧ ಅಕ್ಕಿ ಕಲ್ಲಿನ ಹಾಗೆ ಉಳಿಯಿತು. ಅಭ್ಯರ್ಥಿ ಬಂದರು, ಶಾಲು ಹೊದಿಸಿಕೊಂಡರು, ಮೈಕು ಹಿಡಿದು “ನನ್ನ ತೆಲುಗು ಸಹೋದರ ಸಹೋದರಿಯರೇ” ಎಂದು ತಮಿಳಿನಲ್ಲಿ ಶುರು ಮಾಡಿದರು. ಯಾರೋ ಕಿವಿಯಲ್ಲಿ ಹೇಳಿದ ಮೇಲೂ ತಿದ್ದಿಕೊಳ್ಳಲಿಲ್ಲ. ಜಾಗದ ವಿಷಯ ಗೆದ್ದ ಮೇಲೆ ನೋಡೋಣ ಎಂದರು. ಫೋಟೋಗಾಗಿ ಒಂದು ತುತ್ತು ಬಾಯಿಗಿಟ್ಟರು. ಕಟಕ್ ಎಂದಿತು. ಹಲ್ಲು ಸವರಿಕೊಳ್ಳುತ್ತಾ ನಕ್ಕು, ಕೈ ಮುಗಿದು, ಕಾರು ಹತ್ತಿದರು. ತುಂಬಿದ ಎಲೆಗಳನ್ನು ಹಾಗೆಯೇ ಮಡಚಿ ಹಿತ್ತಲಿನ ತೊಟ್ಟಿಗೆ ಹಾಕಬೇಕಾಯಿತು. ಅದನ್ನು ನೋಡುತ್ತಾ ನಿಂತಿದ್ದ ಸಭೆಯ ಹೆಂಗಸರಲ್ಲಿ ಒಬ್ಬಳೂ ಸೋನ್ಸರನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಸೋಮವಾರ ಅವರು ಫೋನು ಆರಿಸಿಟ್ಟು ಕೂತರು. ಸದ್ದಿಲ್ಲ. ಮಂಗಳವಾರವೂ ಇಲ್ಲ. ಖಾಲಿ ಭರಣಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತರು. ಮನೆಯಲ್ಲಿ ಇಷ್ಟು ದಿನ ದೆವ್ವ ಇತ್ತು ಎನ್ನುವುದಾದರೆ, ಅದು ಬಿಟ್ಟು ಹೋದ ಮೇಲೆ ಮನೆ ಇನ್ನೂ ಭಯಂಕರವಾಯಿತು. ಫ್ರಿಜ್ಜಿನ ಗುರ್ರ್ ಕೇಳುತ್ತದೆ, ಪಕ್ಕದ ಮನೆಯ ಕುಕ್ಕರು ಕೇಳುತ್ತದೆ, ಅದೊಂದು ಕೇಳುವುದಿಲ್ಲ. ತಮ್ಮ ಕೈಯಿಂದಲೇ ಡಬ್ಬಿಯ ಅಕ್ಕಿ ತೆಗೆದು ಒಂದು ಹಿಡಿ ಭರಣಿಗೆ ಹಾಕಿದರು. ಖಾಲಿ ತಳಕ್ಕೆ ಟಪಟಪ ಬಡಿಯಿತು. ಅದು ಬೇರೆಯೇ ಸದ್ದು. “ಚಂದ್ರಾ, ಸಿಟ್ಟಾ?” ಎಂದು ಕೇಳಿದರು. ಆಮೇಲೆ ದೊಡ್ಡ ಮನುಷ್ಯ ಭರಣಿಯನ್ನು ಅಪ್ಪಿಕೊಂಡು ಗಳಗಳನೆ ಅತ್ತರು.

ಆ ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಸಮೀಕ್ಷಾ ಬಾಗಿಲಲ್ಲಿ ನಿಂತು ನೋಡಿದಳು. ಹತ್ತಿರ ಬಂದು ನೆಲದ ಮೇಲೆ ಕೂತಳು. ಸೋನ್ಸರು ಅವಳಿಗೆ ಎಲ್ಲ ಹೇಳಿದರು. ಅವಳು ನಗಲಿಲ್ಲ.

“ಅತ್ತೆಗೆ ಮಂಡಿ ಜಾಸ್ತಿ ನೋವಿದ್ದಾಗ ಒಂದು ಸಲ ನಾನು ಜೊತೆಗೆ ಹೋಗಿದ್ದೆ ಮಾವ. ಹೇಳಬಾರದು ಅಂದಿದ್ರು. ಕ್ರೋಂಪೇಟೆಯಲ್ಲಿ ಹಳೇ ತೊಗಲಿನ ಕಂಪನಿ ಇದೆಯಲ್ಲ, ಮುಚ್ಚಿದ್ದು, ಅದರ ಕಾಂಪೌಂಡಿಗೆ ಒತ್ತಿಕೊಂಡು ಮನೆಗಳಿವೆ. ಕಾಂತಪ್ಪ ಅಂತ ಒಬ್ಬರು ತಾತ. ನಮ್ಮ ಕನ್ನಡದವರೇ, ಕೋಲಾರದ ಕಡೆ. ಆಮೇಲೆ… ಅತ್ತೆ ಹೋದ ಮೇಲೆ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ.” ಅವಳ ಕಣ್ಣೂ ತುಂಬಿತು.

ಶನಿವಾರ ಸೋನ್ಸರು ಹೊರಟರು. ಹಾಲಿನಲ್ಲಿ ಉಳಿದಿದ್ದ ಗೋಣಿಯಿಂದ, ಬೇಯಿಸದೆ ಬಿಟ್ಟಿದ್ದ ಆ ಕಲಸು ಅಕ್ಕಿಯನ್ನು ಚಂದ್ರಮತಿಯ ಬಟ್ಟೆಯ ಚೀಲಕ್ಕೆ ತುಂಬಿಸಿ ತಂದಿಟ್ಟುಕೊಂಡಿದ್ದರು. ಪಲ್ಲಾವರದವರೆಗೆ ಬಸ್ಸು, ಅಲ್ಲಿಂದ ರೈಲು. ಕ್ರೋಂಪೇಟೆ ಸ್ಟೇಷನಿನಲ್ಲಿ ಇಳಿದು ನಡೆಯುವಾಗ ಬಿಸಿಲು ತಲೆ ಸುಡುತ್ತಿತ್ತು. ವರ್ಷವಿಡೀ ಅಕ್ಕಿ ತಾರದೆ ಈಗ ಯಾವ ಮುಖ ಹೊತ್ತು ಆ ಮನೆಗೆ ಹೋಗುವುದು, ಆ ಮುದುಕ ಬದುಕಿದ್ದಾನೋ ಇಲ್ಲವೋ, ಇದೇ ಯೋಚನೆ. ತೊಗಲಿನ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಗೋಡೆಯ ಬದಿಯಲ್ಲಿ ಇನ್ನೂ ಒಂದು ಹಳೆಯ ವಾಸನೆ ಇತ್ತು. ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದ ಹೆಂಗಸು ಕೊನೆಯ ಬಾಗಿಲು ತೋರಿಸಿದಳು.

ಬಾಗಿಲು ತೆರೆದೇ ಇತ್ತು. ಒಳಗೆ ಹಗ್ಗದ ಮಂಚದ ಮೇಲೆ ಒಣಗಿದ ಮುದುಕ ಗೋಡೆಗೆ ಒರಗಿ ಕೂತಿದ್ದ. ಕಣ್ಣುಗಳ ಮೇಲೆ ಬೆಳ್ಳಗೆ ಪೊರೆ. ಸೋನ್ಸರು ಹೊಸ್ತಿಲು ದಾಟುವ ಮೊದಲೇ ಅವನ ಮುಖ ಅರಳಿತು.

“ಬನ್ನಿ ಅಮ್ಮಾವ್ರೆ, ಬನ್ನಿ. ಇವತ್ತು ಯಾರನ್ನೋ ಕರ್ಕಂಡು ಬಂದಿದ್ದೀರಲ್ಲ!”

ಸೋನ್ಸರು ತಿರುಗಿ ನೋಡಿದರು. ಹಿಂದೆ ಬಿಸಿಲು ಬಿಟ್ಟು ಏನೂ ಇರಲಿಲ್ಲ.

“ನಾನು… ಅವಳ ಗಂಡ,” ಎಂದರು.

“ಓ, ಯಜಮಾನ್ರು! ಕುಂತ್ಕಳಿ ಸಾಮಿ.”

“ಅವಳು… ಚಂದ್ರಮತಿ ಇಲ್ಲಿಗೆ ಬರ್ತಾಳಾ?”

“ಬರ್ದೆ ಏನು? ಶನಿವಾರ ತಪ್ಪಿಲ್ಲ. ಪೊರೆ ಬಂದೈತೆ ನೋಡಿ, ನೆಳ್ಳಂಗೆ ಕಾಣ್ತಾರೆ. ಬತ್ತಾರೆ, ಒಲೆ ಹಚ್ತಾರೆ, ಗಂಜಿ ಕಂಪು ಬತ್ತದೆ. ಉಳಿದ ಅಕ್ಕಿ ಡಬ್ಬಿಗೆ ಸುರಿದು ಹೋಗ್ತಾರೆ. ಒಂದೊರ್ಸದಿಂದ ಮಾತು ನಿಂತೋಯ್ತು ಅಷ್ಟೇಯ. ನಾನೇನಾರ ತಪ್ಪು ಮಾಡಿದ್ನಾ ಅಂತ ನನಗೂ ಬ್ಯಾಸರ.”

ಸೋನ್ಸರು ಮಂಚದ ಪಕ್ಕ ನೆಲದ ಮೇಲೆ ಕೂತರು. ಭರಣಿಯಲ್ಲಿ ದಿನಾ ಬಿದ್ದ ಅಕ್ಕಿ ಯಾಕೆ ಏರಲಿಲ್ಲ ಎಂದು ಅವರಿಗೆ ಈಗ ತಿಳಿಯಿತು. ಅದು ವಾರವಾರವೂ ಇಲ್ಲಿಗೆ ಬರುತ್ತಿತ್ತು. “ರೇಷನ್ ಅಕ್ಕಿ ಸಿಗುದಿಲ್ವಾ ನಿಮಗೆ?” ಎಂದು ಕೇಳಿದರು, ಏನಾದರೂ ಕೇಳಬೇಕಲ್ಲ ಎಂದು.

ಕಾಂತಪ್ಪ ಎರಡೂ ಕೈ ಅಂಗಾತ ಮಾಡಿ ತೋರಿಸಿದ. “ಸುಣ್ಣದ ತೊಟ್ಟಿಯಾಗೆ ತೊಗಲು ಅದ್ದಿ ಅದ್ದಿ ಹೆಬ್ಬೆಟ್ಟಿನ ಗೆರೆಯೆಲ್ಲ ಅಳಿಸೋಗವೆ ಸಾಮಿ. ಅಂಗಡಿ ಮಿಷಿನ್ನು ನನ್ನ ಒಪ್ಪಾಕಿಲ್ಲ. ಅಮ್ಮಾವ್ರು ಎಷ್ಟೋ ಓಡಾಡಿದ್ರು, ಆಗಲಿಲ್ಲ. ಆಗೋಗಂಟ ನಾನೇ ತತ್ತೀನಿ ಬುಡಿ ಅಂದ್ರು.”

“ಹೋದ ಶನಿವಾರ?”

ಮುದುಕ ಬಾಗಿಲ ಕಡೆ ಮುಖ ತಿರುಗಿಸಿದ. “ಹೋದ ಶನಿವಾರ ಬಂದ್ರು. ಒಳಕ್ಕೆ ಬರಲಿಲ್ಲ. ಬನ್ನಿ ಅಮ್ಮಾವ್ರೆ ಅಂದೆ. ಎರಡೂ ಕೈ ಮುಂದಕ್ಕೆ ಚಾಚಿ ತೋರ್ಸಿದ್ರು, ಬರಿಗೈ. ಆ ಸುಡೋ ಬಿಸ್ಲಾಗೆ ಸಂಜೆಗಂಟ ಹಂಗೇ ನಿಂತಿದ್ರು ಸಾಮಿ. ನನಗೆ ಹಸಿವಿಗಿಂತ ಅದೇ ತಡ್ಯಾಕಾಗಲಿಲ್ಲ.”

“ಎಂತ ಊಟ ಮಾಡಿದ್ರಿ ಈ ವಾರ?”

“ಪಕ್ಕದ ಮನೆಯೋರು ಒಂದಿನ ಇಡ್ಲಿ ಕೊಟ್ರು. ನೀರೈತೆ. ಆಗೋಯ್ತು ಬುಡಿ.”

ಸೋನ್ಸರು ಎದ್ದರು. ಕಣ್ಣೊರೆಸಿಕೊಂಡು, ಮೂಲೆಯಲ್ಲಿದ್ದ ಸಣ್ಣ ಒಲೆ ಹಚ್ಚಿ, ಪಾತ್ರೆಗೆ ನೀರಿಟ್ಟರು. ಜೀವಮಾನದಲ್ಲಿ ಕಾಫಿಗಿಂತ ಹೆಚ್ಚಿನದೇನನ್ನೂ ಕಾಯಿಸಿದವರಲ್ಲ. ನೀರು ಮರಳಿದ ಕೂಡಲೆ ಚೀಲದಿಂದ ಬೊಗಸೆ ತುಂಬ ಅಕ್ಕಿ ತೆಗೆದು ಹಾಕಲು ಹೋದರು.

“ಹಂಗಲ್ವಂತೆ ಸಾಮಿ,” ಎಂದ ಕಾಂತಪ್ಪ.

“ಎಂತದ್ದು?”

“ಕೆಂಪಕ್ಕಿ ಮೊದ್ಲು ಹಾಕ್ಬೇಕಂತೆ. ಅದು ಅರ್ಧ ಬೆಂದ ಮ್ಯಾಕೆ ಬಿಳೀದು.”

ಸೋನ್ಸರ ಬೊಗಸೆ ಅಲ್ಲೇ ನಿಂತಿತು. “ಯಾರು ಹೇಳಿದ್ದು?”

“ಅಮ್ಮಾವ್ರು. ಬಾಗ್ಲಾಗೆ ನಿಂತವ್ರಲ್ಲ,” ಎಂದು ಮುದುಕ ನಕ್ಕ. “ನೋಡಿದ್ರಾ, ಇವತ್ತು ಮಾತಾಡ್ತಾವ್ರೆ!”

ಸೋನ್ಸರು ಬಾಗಿಲನ್ನು ದಿಟ್ಟಿಸಿದರು. ಉಸಿರು ಹಿಡಿದು ಕಿವಿಗೊಟ್ಟರು. ದೂರದಲ್ಲಿ ರೈಲು ಹೋದ ಸದ್ದು, ನಲ್ಲಿಯ ನೀರಿನ ಸದ್ದು. ಅವರಿಗೆ ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದ ಗಂಡನಿಗೆ ಕೇಳದ್ದು ಈ ಕುರುಡ ಮುದುಕನಿಗೆ ಕೇಳುತ್ತಿತ್ತು. ಹೊಟ್ಟೆಕಿಚ್ಚಾಯಿತು, ಅಳು ಬಂತು. ಹೊಸ್ತಿಲಿಗೆ ಅಡ್ಡವಾಗಿದ್ದ ತಮ್ಮ ಚಪ್ಪಲಿಗಳನ್ನು ಬದಿಗೆ ಸರಿಸಿದರು. “ಬಾ ಚಂದ್ರಾ, ಒಳಗೆ ಬಾ,” ಎಂದರು.

ಆಮೇಲೆ ಬಾಗಿಲ ಬೆಳಕಿಗೆ ನೆಲದ ಮೇಲೆ ಕೂತು, ಅಕ್ಕಿಯನ್ನು ತಟ್ಟೆಗೆ ಸುರಿದುಕೊಂಡು ಕೆಂಪು ಕಾಳುಗಳನ್ನು ಬಿಳಿಯದರಿಂದ ಆರಿಸತೊಡಗಿದರು. ದಪ್ಪ ಬೆರಳುಗಳಿಗೆ ಕಾಳು ಸಿಕ್ಕುತ್ತಿರಲಿಲ್ಲ. ಸೊಂಟ ನೋಯಿತು. ಕೆಂಪಕ್ಕಿ ಹಾಕಿದರು. ಅದು ಅರ್ಧ ಬೆಂದ ಮೇಲೆ ಬಿಳಿಯದನ್ನು ಹಾಕಿದರು. ಗಂಜಿಯ ಕಂಪು ಎದ್ದಿತು, ಅವರ ಮನೆಯ ಅಡುಗೆಮನೆಯಲ್ಲಿ ಇರುತ್ತಿದ್ದ ಅದೇ ಕಂಪು.

“ಕಾಂತಪ್ಪನವರೇ,” ಎಂದರು ಸೋನ್ಸರು, ಬೆನ್ನು ತಿರುಗಿಸಿಯೇ. “ಮತ್ತೆಂತ ಹೇಳ್ತಾಳೆ ಅವಳು? ನನ್ನ ವಿಷಯ ಎಂತಾದರೂ ಹೇಳ್ತಾಳಾ?”

ಕಾಂತಪ್ಪ ಬಾಗಿಲ ಕಡೆ ಮುಖ ಮಾಡಿ ಆಲಿಸಿದ. ಸೋನ್ಸರು ಕೈಯಲ್ಲಿ ಸೌಟು ಹಿಡಿದು ಕಾದರು.

“ತಳ ಹತ್ತುತ್ತಂತೆ ಸಾಮಿ,” ಎಂದ ಮುದುಕ. “ಕೈಯಾಡಿಸ್ತಾ ಇರ್ಬೇಕಂತೆ.”

ಸೋನ್ಸರು ಉರಿ ಸಣ್ಣ ಮಾಡಿ, ಕೈಯಾಡಿಸತೊಡಗಿದರು.